ಮಗುಚಿದ ಹಾಳೆ

ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಒಂದು ಇಳಿಜಾರು ಮೇಜಿತ್ತು. ಮೇಜಿನ ಮೇಲೆ ಟ್ರೇಸಿಂಗ್ ಹಾಳೆ, ಮಸಿ ಪೆನ್ನು, ಅಡಿಪಟ್ಟಿ, ಬ್ಲೇಡು. ಡ್ರಾಯರಿನೊಳಗೆ ಎರಡು ಆಲೂಗಡ್ಡೆ, ಒಂದು ಬೆಂಕಿಪೊಟ್ಟಣ. ಆಲೂಗಡ್ಡೆ ಯಾಕೆ ಎಂದು ಹೊಸದಾಗಿ ಬಂದವರೆಲ್ಲ ಕೇಳುತ್ತಿದ್ದರು. ಪುಟ ಕಟ್ಟುವವನು ಕಂಪ್ಯೂಟರಿನಿಂದ ತಲೆ ಎತ್ತದೆಯೇ, "ಅದು ನಮ್ಮ ಗೆರೆಯಮ್ಮನ ಕಾಲೇಜು. ಎಮ್ಮೆಸ್ಸಿ ಮಾಡಿದ್ದು ಅಲ್ಲೇ," ಎನ್ನುತ್ತಿದ್ದ.

ಗೆರೆಯಮ್ಮ ಎಂಬ ಹೆಸರಿಟ್ಟವನೂ ಅವನೇ. ಅವಳಿಗೇನೂ ಬೇಜಾರಿರಲಿಲ್ಲ. ಇಪ್ಪತ್ತಾರು ವರ್ಷ ಬರೀ ಗೆರೆ ಎಳೆದವಳನ್ನು ಮತ್ತೇನೆಂದು ಕರೆಯಬೇಕು? ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅದೂ ಗುಮಾಸ್ತನ ಕೋಳಿ ಕಾಲಿನ ಅಕ್ಷರದಲ್ಲಿ. ಅಚ್ಚಿನಲ್ಲಿ ಅದು ಒಂದು ಸಲವೂ ಬಂದಿರಲಿಲ್ಲ. ಮದುವೆಯಾಗದ್ದರಿಂದ ಆಮಂತ್ರಣ ಪತ್ರಿಕೆಯ ಭಾಗ್ಯವೂ ತಪ್ಪಿತ್ತು. ಹೊಟ್ಟೆಪಾಡೇ ಅಚ್ಚಿನ ಮನೆಯಲ್ಲಿ, ಹೆಸರು ಮಾತ್ರ ಅಚ್ಚಾಗಿಲ್ಲ! ಇದಕ್ಕೆ ನಗಬೇಕೋ ಅಳಬೇಕೋ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹೆಚ್ಚಾಗಿ ಹಲ್ಲು ಕಚ್ಚುತ್ತಿದ್ದಳು.

ಅವಳು ಬರೆಯುತ್ತಿದ್ದದ್ದು ಅಣ್ಣನ ಪುಸ್ತಕಕ್ಕೆ. ಅಣ್ಣ ರಸಾಯನಶಾಸ್ತ್ರದ ಪ್ರೊಫೆಸರು. ಕಾಲೇಜು ಮಕ್ಕಳೆಲ್ಲ ಓದುವ ದಪ್ಪ ಪುಸ್ತಕ ಅವನದು. ಐದು ಸಲ ಅಚ್ಚಾಗಿ ಖರ್ಚಾಗಿತ್ತು. ಅದರಲ್ಲಿ ಮುನ್ನೂರು ಚಿಲ್ಲರೆ ಚಿತ್ರ, ಎಲ್ಲವೂ ಅಣುಗಳ ಚಿತ್ರ, ಎಲ್ಲವೂ ತಂಗಿಯ ಕೈಯಿಂದ ಬಂದದ್ದು.

ನೋಡುವವರಿಗೆ ಏನು ಮಹಾ ಎನ್ನಿಸುತ್ತದೆ. ಅಣುವಿನ ಚಿತ್ರವೆಂದರೆ ಒಂದು ಅಂಕುಡೊಂಕು ಗೆರೆ. ಇಂಗಾಲ ಎಂದು ಎಲ್ಲೂ ಬರೆಯುವುದಿಲ್ಲ. ಗೆರೆ ಎಲ್ಲಿ ಮುರಿಯಿತೋ ಆ ಮೂಲೆಯೇ ಇಂಗಾಲ. ಪ್ರತಿ ಮೂಲೆಗೂ ನಾಲ್ಕು ಕೈ. ಎರಡು ಕೈ ಕಾಗದದ ಮೇಲೇ ಮಲಗಿರುತ್ತವೆ, ಅವಕ್ಕೆ ಸಾದಾ ಗೆರೆ. ಒಂದು ಕೈ ಕಾಗದದಿಂದ ಎದ್ದು ನಮ್ಮ ಮೂಗಿನ ಕಡೆಗೆ ಬರುತ್ತದೆ, ಅದಕ್ಕೆ ಮಸಿ ತುಂಬಿದ ಬೆಣೆ. ಉಳಿದದ್ದು ಕಾಗದವನ್ನು ತೂರಿಕೊಂಡು ಹಿಂದಕ್ಕೆ ಹೋಗುತ್ತದೆ, ಅದಕ್ಕೆ ತುಂಡುಗೆರೆ. ಅಷ್ಟೇ. ಆದರೆ ಬೆಣೆ ಇರಬೇಕಾದಲ್ಲಿ ತುಂಡುಗೆರೆ ಬಂತೋ, ಎಡಗಾಲಿನ ಚಪ್ಪಲಿ ಬಲಗಾಲಿನದಾಯಿತು. ಅದೇ ತೊಗಲು, ಅದೇ ಅಳತೆ, ಕಾಲಿಗೆ ಮಾತ್ರ ಹೋಗುವುದಿಲ್ಲ. ಔಷಧಿಯ ಅಣುವಾದರೆ ಒಂದು ಗುಣ ಮಾಡುತ್ತದೆ, ಅದರ ಕನ್ನಡಿ ಬಿಂಬ ಸುಮ್ಮನೆ ಹೊಟ್ಟೆಗೆ ಹೋಗಿ ಬರುತ್ತದೆ, ಕೆಲವೊಮ್ಮೆ ಮನುಷ್ಯನನ್ನೇ ಕೆಡಿಸುತ್ತದೆ.

ಇದನ್ನು ಅವಳಿಗೆ ಹೇಳಿಕೊಟ್ಟವನು ಅಣ್ಣನೇ. ಅಪ್ಪ ಹೋದ ಮೇಲೆ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಮುಂದೆ ಓದಿಸಲು ಸಾಧ್ಯ ಎಂದು ಅಮ್ಮ ತೀರ್ಮಾನಿಸಿದಾಗ, ಆ ಒಬ್ಬರು ಯಾರು ಎಂಬ ಮಾತೇ ಬರಲಿಲ್ಲ. ಅಣ್ಣ ಕಾಲೇಜಿಗೆ ಹೋದ, ತಂಗಿ ಅವನ ರೆಕಾರ್ಡ್ ಪುಸ್ತಕಕ್ಕೆ ಚಿತ್ರ ಬರೆದಳು. ಒಂದು ಸಂಜೆ ಅವನು ಈ ಬೆಣೆ, ತುಂಡುಗೆರೆಯ ವಿಷಯ ಹೇಳಿದ. ಅವಳು ಅಡುಗೆಮನೆಗೆ ಹೋಗಿ ಒಂದು ಆಲೂಗಡ್ಡೆಗೆ ನಾಲ್ಕು ಬೆಂಕಿಕಡ್ಡಿ ಚುಚ್ಚಿಕೊಂಡು ಬಂದು, "ಹೀಗಾ?" ಎಂದಳು. ಹಾಗೇ ಇತ್ತು. ಅಂದಿನಿಂದ ಅವಳ ಕಣ್ಣಿಗೆ ಕಾಗದ ಚಪ್ಪಟೆಯಾಗಿ ಉಳಿಯಲೇ ಇಲ್ಲ. ಗೆರೆ ಬಿದ್ದ ಕೂಡಲೇ ಅಣು ಎದ್ದು ಕೂರುತ್ತಿತ್ತು, ಬೇಕೆಂದ ಕಡೆಗೆ ತಿರುಗುತ್ತಿತ್ತು.

ಅಣ್ಣನಿಗೆ ಅದು ಕೊನೆಯವರೆಗೂ ಕಾಣಲಿಲ್ಲ. ಬಾಯಿಪಾಠ ಮಾಡಿದ, ಪಾಸಾದ, ಪ್ರೊಫೆಸರಾದ. ಈಗಲೂ ಚಿತ್ರ ನೋಡುವಾಗ ಎಡಗೈಯ ಮೂರು ಬೆರಳೆತ್ತಿ, ಕತ್ತು ವಾರೆ ಮಾಡಿ, ಬಾಯೊಳಗೇ ಗೊಣಗುತ್ತಿದ್ದ. ಮೂರರಲ್ಲಿ ಒಂದು ಸಲ ತಪ್ಪುತ್ತಿದ್ದ. ಆ ತಪ್ಪನ್ನು ತಂಗಿ ಉಸಿರೆತ್ತದೆ ತಿದ್ದಿ ಬರೆಯುತ್ತಿದ್ದಳು. ಐದು ಮುದ್ರಣದಲ್ಲಿ ಎಷ್ಟು ತಿದ್ದಿದ್ದಳೋ ಲೆಕ್ಕವಿಲ್ಲ. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದರೂ ಗೊತ್ತಿಲ್ಲದವನಂತೆ ಇರುವುದರಲ್ಲಿ ಅವನು ಪಳಗಿದವನು.

ಪ್ರತಿ ಮುದ್ರಣದ ಮುನ್ನುಡಿಯಲ್ಲೂ ಒಂದು ಉದ್ದನೆಯ ಕೃತಜ್ಞತೆ ಇರುತ್ತಿತ್ತು. ಕಾಲೇಜಿನ ಪ್ರಿನ್ಸಿಪಾಲರು, ಪ್ರಕಾಶಕರು, ಹಸ್ತಪ್ರತಿ ಓದಿದ ಗೆಳೆಯರು, ತಾಳ್ಮೆಯಿಂದ ಕಾಫಿ ಮಾಡಿಕೊಟ್ಟ ಹೆಂಡತಿ. ಅತ್ತಿಗೆಯ ಕಾಫಿಗೂ ಜಾಗವಿತ್ತು. ತಂಗಿ ಕೇಳಿದಾಗಲೆಲ್ಲ, "ಅಯ್ಯೋ, ಮರ್ತೇ ಹೋಯ್ತು ನೋಡು ಪುಟ್ಟಿ. ಮುಂದಿನ ಸಲ ಖಂಡಿತ," ಎನ್ನುತ್ತಿದ್ದ. ಹೀಗೆ ಐದು ಮುಂದಿನ ಸಲಗಳು ಮುಗಿದವು.

ಆರನೆಯ ಮುದ್ರಣದ ಕೆಲಸಕ್ಕೆಂದು ಅವನು ಪ್ರೆಸ್ಸಿಗೆ ಬಂದ ದಿನ ಅವಳು ಗಟ್ಟಿ ಮನಸ್ಸು ಮಾಡಿ ಕೂತಿದ್ದಳು. ಅವನು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲೇ ಶುರು ಮಾಡಿದಳು.

"ಅಣ್ಣಾ, ಈ ಸಲ ನನ್ನ ಹೆಸರು ಹಾಕ್ಸು. ದೊಡ್ಡಕ್ಷರ ಬೇಡ. ಮುನ್ನುಡಿ ಕೊನೇಲಿ ಒಂದು ಸಾಲು ಸಾಕು."

"ಮತ್ತೆ ಶುರುವಾಯ್ತಾ ನಿಂದು?" ಅವನು ಕನ್ನಡಕ ತೆಗೆದು ಒರೆಸಿದ. "ಇದು ವಿಜ್ಞಾನದ ಪುಸ್ತಕ ಪುಟ್ಟಿ, ಮಕ್ಕಳು ಬಣ್ಣ ಹಚ್ಚೋ ಪುಸ್ತಕ ಅಲ್ಲ. ಗೆರೆ ಎಳೆದೋರ ಹೆಸರು ಹಾಕಿದ್ರೆ ನಾಳೆ ಹೊಲಿಗೆ ಹಾಕಿದೋನು, ಅಂಟು ಬಳಿದೋನು ಎಲ್ಲಾ ಕ್ಯೂ ನಿಲ್ತಾರೆ."

"ನಾನು ಬರೀ ಗೆರೆ ಎಳೆದಿಲ್ಲ. ನೀನು ತಪ್ಪು ಕೊಟ್ಟಿದ್ದನ್ನೆಲ್ಲ ತಿದ್ದಿದೀನಿ. ಹೋದ ಸಲವೇ ಹನ್ನೊಂದು."

ಪುಟ ಕಟ್ಟುವವನ ಕೀಬೋರ್ಡಿನ ಟಕಟಕ ಥಟ್ಟನೆ ನಿಂತಿತು. ಆಡಬಾರದಾಗಿತ್ತು. ಅದೂ ಮೂರನೆಯವರ ಎದುರು ಆಡಲೇಬಾರದಾಗಿತ್ತು. ಅಣ್ಣನ ಕಿವಿ ಕೆಂಪಾಗುವುದನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಈಗ ಕುತ್ತಿಗೆಯೂ ಕೆಂಪಾಯಿತು.

"ಓಹೋ," ಎಂದ ಅವನು. "ಹಾಗಾದ್ರೆ ನಾನು ಕುರ್ಚಿ ಬಿಟ್ಟು ಏಳ್ತೀನಿ, ನೀನು ಹೋಗಿ ಪಾಠ ಮಾಡು. ಆಲೂಗಡ್ಡೆ ಮೇಡಂ ಅಂತ ಬೋರ್ಡ್ ಹಾಕ್ಸೋಣ." ನಕ್ಕ. ಬೇರೆ ಯಾರೂ ನಗಲಿಲ್ಲ. "ಕೇಳಿಸ್ಕೋ. ಇನ್ಮೇಲೆ ಏನೂ ತಿದ್ದಬೇಡ. ನಾನು ಹೇಳಿದ ಹಾಗೆ ಹಾಕು. ಬುದ್ಧಿ ನಂದು, ಕೈ ನಿಂದು. ಕೈಗೆ ಯಾಕೆ ಬೇಕು ಬುದ್ಧಿ?"

ಆಮೇಲೆ ಏನೂ ಆಗದವನಂತೆ, ತಂದಿದ್ದ ಹಳೆಯ ಚಿತ್ರಗಳ ಕಟ್ಟು ಬಿಚ್ಚಿದ. ಈ ಸಲ ಪುಟದಲ್ಲಿ ಎರಡು ಕಾಲಮ್ಮು. ಬಲಕ್ಕೆ ಉದ್ದ ಬಾಲವಿರುವ ನಲವತ್ತೊಂದು ಚಿತ್ರಗಳು ಹೊಸ ಪುಟಕ್ಕೆ ಕೂರುತ್ತಿರಲಿಲ್ಲ. ಬಾಲ ಎಡಕ್ಕೆ ಬರಬೇಕಿತ್ತು. ಪ್ರತಿಯೊಂದರ ಮೇಲೂ ಅವನು ಕೆಂಪು ಪೆನ್ನಿನಲ್ಲಿ ಬರೆದಿದ್ದ: ಹಾಳೆ ಮಗುಚಿ ಎಳೆಯುವುದು.

"ಸುಲಭ," ಎಂದು ಒಂದು ಟ್ರೇಸಿಂಗ್ ಹಾಳೆ ಎತ್ತಿ ಬೆನ್ನು ಮೇಲಾಗಿ ಹಾಕಿ ತೋರಿಸಿದ. "ಹೀಗೆ ಮಗುಚಿ ಹಾಕು, ಹಿಂದಿನಿಂದ ಕಾಣೋ ಗೆರೆ ಮೇಲೇ ಎಳ್ಕೊಂಡು ಹೋಗು. ಬೆಣೆ ಇದ್ದಲ್ಲಿ ಬೆಣೆ, ತುಂಡು ಇದ್ದಲ್ಲಿ ತುಂಡು. ಒಂದು ವಾರದ ಕೆಲಸ."

ಅವಳ ನಾಲಿಗೆಯ ತುದಿಗೆ ಬಂದಿತ್ತು. ಹಾಳೆ ಮಗುಚಿದರೆ ಕೈಗಳೂ ಮಗುಚಬೇಕು. ನಮ್ಮ ಕಡೆಗೆ ಚಾಚಿದ್ದ ಕೈ ಈಗ ಆ ಕಡೆಗೆ ಚಾಚಿರುತ್ತದೆ. ಬೆಣೆಯನ್ನು ತುಂಡು ಮಾಡಬೇಕು, ತುಂಡನ್ನು ಬೆಣೆ ಮಾಡಬೇಕು. ಇಲ್ಲದಿದ್ದರೆ ನಲವತ್ತೊಂದೂ ಬೇರೆಯೇ ಅಣುಗಳಾಗುತ್ತವೆ. ಮನುಷ್ಯ ಬೆನ್ನು ತಿರುಗಿಸಿ ನಿಂತ ಮೇಲೂ ಮೂಗನ್ನು ಈ ಕಡೆಗೇ ಬರೆದ ಹಾಗೆ. ಮೊದಲ ವರ್ಷದ ಮಕ್ಕಳಿಗೆ ಹೇಳಿಕೊಡುವ ಪಾಠ ಇದು. ಅಷ್ಟು ಓದಿದವನಿಗೆ ಅದು ಹೊಳೆಯಲಿಲ್ಲ.

"ಆಗ್ಲಿ," ಎಂದಳು ಅವಳು.

ಹೇಳಿದಂತೆ ಮಾಡಿದಳು. ಅಬ್ಬಾ, ಎಂಥ ಕಷ್ಟದ ಕೆಲಸ! ಸರಿ ಬರೆಯಲು ಅವಳಿಗೆ ಯೋಚನೆಯೇ ಬೇಡ, ತಪ್ಪು ಬರೆಯಲು ಮೈಯೆಲ್ಲ ಬಿಗಿಹಿಡಿಯಬೇಕಾಯಿತು. ಕೈ ತಾನಾಗಿ ತುಂಡುಗೆರೆಗೆ ಹೊರಡುತ್ತಿತ್ತು, ಹಿಡಿದು ಬೆಣೆಗೆ ತರುತ್ತಿದ್ದಳು. ವಾರದ ಕೆಲಸ ಮೂರು ವಾರ ಹಿಡಿಯಿತು. ಮಧ್ಯೆ ಎರಡು ದಿನ ಜ್ವರ ಬಂತು. ನೋಡೋಣ, ಅಚ್ಚಿನ ಕರಡು ಓದುವಾಗಲಾದರೂ ಅವನಿಗೆ ಕಂಡೀತು, ಆಗ ಬಂದು ನನ್ನ ಮುಂದೆ ನಿಲ್ಲಬೇಕು, ಪುಟ್ಟಿ ಇದನ್ನು ನೀನೇ ನೋಡಬೇಕು ಎಂದು ಬಾಯಿ ಬಿಟ್ಟು ಹೇಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಕರಡು ಬಂದ ದಿನ ಅವನು ಅದೇ ಕುರ್ಚಿಯಲ್ಲಿ ಕೂತು ಒಂದೊಂದೇ ಚಿತ್ರ ನೋಡಿದ. ಅವಳು ಮೇಜಿನಿಂದ ಕದ್ದು ನೋಡುತ್ತಿದ್ದಳು. ಹದಿನೇಳನೆಯ ಚಿತ್ರದ ಹತ್ತಿರ ನಿಂತ. ಅವಳು ಪೆನ್ನು ಕೆಳಗಿಟ್ಟಳು. ಎಡಗೈಯ ಮೂರು ಬೆರಳು ಮೇಲೆದ್ದವು, ಕತ್ತು ವಾರೆಯಾಯಿತು. ತುಸು ಗೊಣಗಿ, 'ಸರಿ ಇದೆ' ಎಂದು ಬರೆದು ಸಹಿ ಹಾಕಿ ಪುಟ ತಿರುಗಿಸಿದ. ನಲವತ್ತೊಂದಕ್ಕೂ ಹಾಗೇ. ಎದ್ದು ಹೋಗುವಾಗ ಅವಳ ಬೆನ್ನು ತಟ್ಟಿ, "ನೋಡ್ದಾ, ತಲೆ ಓಡಿಸದೇ ಇದ್ರೆ ಎಷ್ಟು ಚೆನ್ನಾಗಿ ಬರುತ್ತೆ," ಎಂದ.

ಪುಸ್ತಕ ಹೊರಬಂತು. ಮುನ್ನುಡಿಯಲ್ಲಿ ಕಾಫಿ ಇತ್ತು. ಅವಳು ಇರಲಿಲ್ಲ.

ಏಳು ತಿಂಗಳ ಮೇಲೆ, ಪರೀಕ್ಷೆಯ ಫಲಿತಾಂಶ ಬಂದ ವಾರ, ಅಣ್ಣ ಅವಳ ಮನೆಯ ಬಾಗಿಲು ತಟ್ಟಿದ. ಅವನು ಅಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು. ಎರಡು ಕೋಣೆಯ ಮನೆ, ಇರುವುದು ಒಂದೇ ಕುರ್ಚಿ. ಅವನಿಗೆ ಅದನ್ನು ಕೊಟ್ಟು ಅವಳು ಮಂಚದ ತುದಿಗೆ ಕೂತಳು. ಅವನ ಮುಖ ಬಾಡಿತ್ತು. ಜೇಬಿನಿಂದ ಒಂದು ಪತ್ರ ತೆಗೆದುಕೊಟ್ಟ. ಊರಾಚೆಯ ಒಂದು ಚಿಕ್ಕ ಕಾಲೇಜಿನ ಮೇಡಂ ಬರೆದದ್ದು. ಹೊಸದಾಗಿ ಕೆಲಸಕ್ಕೆ ಸೇರಿದವಳಂತೆ. ನಿಮ್ಮ ಪುಸ್ತಕದ ನಲವತ್ತೊಂದು ಚಿತ್ರಗಳು ಕನ್ನಡಿ ಬಿಂಬಗಳಾಗಿವೆ, ಅದನ್ನು ನಂಬಿ ಬರೆದ ನನ್ನ ತರಗತಿಯ ಮೂವತ್ತು ಮಕ್ಕಳಲ್ಲಿ ಹನ್ನೆರಡು ಮಂದಿ ಫೇಲಾಗಿದ್ದಾರೆ, ಇದಕ್ಕೆ ಯಾರು ಹೊಣೆ ಎಂದು ಕೇಳಿದ್ದಳು.

ಅವಳು ಪತ್ರವನ್ನು ಎರಡು ಸಲ ಓದಿದಳು. ಹನ್ನೆರಡು ಮಂದಿ. ಅಣ್ಣನ ಮುಖ ಬಾಡಲಿ ಎಂದು ಅವಳು ಬಯಸಿದ್ದು ನಿಜ, ಬಾಡಿದ್ದೂ ಆಯಿತು. ಆದರೆ ಮಕ್ಕಳು ಅವಳ ಲೆಕ್ಕದಲ್ಲೇ ಇರಲಿಲ್ಲ. ಥೂ, ಎಂಥ ಕೆಲಸ ಮಾಡಿದೆ ಎಂದುಕೊಂಡಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ನಿಂಗೆ ಗೊತ್ತಿತ್ತಾ?" ಎಂದ ಅಣ್ಣ, ಮೆಲ್ಲಗೆ.

"ಗೊತ್ತಿತ್ತು."

ಬಯ್ಯುತ್ತಾನೆ ಎಂದುಕೊಂಡಳು. ಬಯ್ಯಲಿಲ್ಲ. "ನಂದೇ ತಪ್ಪು ಪುಟ್ಟಿ," ಎಂದ. "ನಿನ್ನ ಮಾತು ಕೇಳ್ಬೇಕಿತ್ತು. ನಂಗೆ ಮೊದ್ಲಿಂದಲೂ ಅದು ಕಣ್ಣಿಗೆ ಕಾಣಲ್ಲ, ನಿಂಗೊಬ್ಳಿಗೇ ಗೊತ್ತು ಅದು." ಅವನ ದನಿ ಒಡೆಯಿತು. ಐವತ್ತೆಂಟರ ಗಂಡಸು, ಅಪ್ಪ ಹೋದಾಗಲೂ ಅಳದವನು. ಅವಳ ಕಣ್ಣಲ್ಲೂ ನೀರು ಬಂತು. ಇಪ್ಪತ್ತಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಆ ಒಂದು ಮಾತಿಗೆ ಕರಗಿ ನೀರಾಯಿತು. ಹೆಣ್ಣು ಕರುಳು, ಹಾಳಾದ್ದು, ಹೀಗೇ ಮೋಸ ಹೋಗುವುದು.

"ಪುಸ್ತಕದ ಜೊತೆ ಒಂದು ತಿದ್ದುಪಡಿ ಹಾಳೆ ಕೊಡೋಣ ಅಂತ ಪ್ರಕಾಶಕರು ಹೇಳಿದಾರೆ," ಎಂದ ಅವನು. "ನಲವತ್ತೊಂದೂ ಸರಿಯಾಗಿ ಬರ್ದು ಕೊಡು. ಈ ಸಲ ನಿನ್ನ ಹೆಸರು ಹಾಕಿಸ್ತೀನಿ. ಅಮ್ಮನಾಣೆ."

"ಹೆಸರು ಬಿಡು. ಆ ಮಕ್ಕಳಿಗೋಸ್ಕರ ಬರೀತೀನಿ," ಎಂದಳು. ಹಾಗೆಂದರೂ ಒಳಗೊಳಗೆ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಸುಳ್ಳು ಯಾಕೆ ಹೇಳಬೇಕು?

"ಮತ್ತೆ, ಆ ಹಳೇ ಹಾಳೆಗಳು ನಿನ್ನ ಹತ್ರನೇ ಇವೆಯಾ? ಕೆಂಪು ಪೆನ್ನಲ್ಲಿ ನಾನು ಬರ್ದಿದ್ದು, ಸಹಿ ಹಾಕಿದ ಕರಡು? ಹೋಲಿಸಿ ನೋಡ್ಬೇಕು."

ಮಂಚದ ಕೆಳಗಿನ ಪೆಟ್ಟಿಗೆಯಿಂದ ಅವಳೇ ತೆಗೆದು, ಅವಳೇ ದಾರ ಕಟ್ಟಿ, ಅವಳೇ ಅವನ ಚೀಲಕ್ಕೆ ಹಾಕಿದಳು.

ಒಂಬತ್ತು ದಿನದಲ್ಲಿ ನಲವತ್ತೊಂದು ಮುಗಿಸಿದಳು. ಊಟ ನಿದ್ದೆ ನೆನಪಿರಲಿಲ್ಲ. ಅವಳಿಗೆ ಗೊತ್ತು, ಅಷ್ಟು ಚೆನ್ನಾಗಿ ಅವಳು ಯಾವತ್ತೂ ಬರೆದಿರಲಿಲ್ಲ. ಬೆಣೆಯ ಅಂಚು ಬ್ಲೇಡಿನಷ್ಟು ಚೂಪು, ತುಂಡುಗೆರೆಗಳು ಒಂದೇ ಅಂತರ. ಪ್ರತಿಯೊಂದಕ್ಕೂ ಆಲೂಗಡ್ಡೆ ಚುಚ್ಚಿ, ತಿರುಗಿಸಿ ನೋಡಿ, ಆಮೇಲೆ ಮಸಿ ಹಾಕಿದ್ದಳು. ಬೇಕಿರಲಿಲ್ಲ, ಆದರೂ ಹನ್ನೆರಡು ಮಕ್ಕಳ ಮುಖ ಕಣ್ಣೆದುರಿಗಿತ್ತು.

ತಿದ್ದುಪಡಿ ಹಾಳೆ ಅಚ್ಚಾಗಿ ಬಂದ ದಿನ ಪುಟ ಕಟ್ಟುವವನು ಅದನ್ನು ತಂದು ಅವಳ ಮೇಜಿನ ಮೇಲಿಟ್ಟ. ಎಂದಿನಂತೆ ತಮಾಷೆ ಮಾಡಲಿಲ್ಲ. "ಗೆರೆಯಮ್ಮಾ, ನಿಮ್ಮ ಹೆಸರು ಬಂದಿದೆ," ಎಂದು ಹೇಳಿ ಅಲ್ಲೇ ನಿಂತ.

ಅವಳು ಕೈ ಒರೆಸಿಕೊಂಡು ಹಾಳೆ ಎತ್ತಿಕೊಂಡಳು. ಮೊದಲ ಸಾಲಿನಲ್ಲೇ ಇತ್ತು. ದಪ್ಪ ಅಕ್ಷರ, ಮುಂದೆ ಕುಮಾರಿ ಎಂದು, ಅಪ್ಪನ ಹೆಸರಿನ ಮೊದಲಕ್ಷರವೂ ಸೇರಿ, ಒಂದು ಕಾಗುಣಿತ ತಪ್ಪಿಲ್ಲ. ಅದನ್ನೇ ನೋಡಿದಳು. ಎಷ್ಟು ಚೆಂದ ಕಾಣುತ್ತಿತ್ತು! ಆಮೇಲೆ ಪೂರ್ತಿ ವಾಕ್ಯ ಓದಿದಳು. 'ಪ್ರಸ್ತುತ ಮುದ್ರಣದ ನಲವತ್ತೊಂದು ಚಿತ್ರಗಳಲ್ಲಿ ಚಿತ್ರಗಾರ್ತಿ ಕುಮಾರಿ ಇಂಥವರ ಅಜಾಗರೂಕತೆ ಹಾಗೂ ವಿಷಯಜ್ಞಾನದ ಕೊರತೆಯಿಂದ ಗಂಭೀರ ದೋಷಗಳು ನುಸುಳಿವೆ. ಲೇಖಕರು ಖುದ್ದಾಗಿ ತಿದ್ದಿದ ಚಿತ್ರಗಳನ್ನು ಇಲ್ಲಿ ನೀಡಲಾಗಿದೆ.'

ಗುಮಾಸ್ತನ ಮೇಜಿನ ಫೋನಿನಿಂದ ಅಣ್ಣನಿಗೆ ಮಾಡಿದಳು. ಅವನು ಮೀಟಿಂಗಿನಲ್ಲಿದ್ದ, ಆದರೂ ಎತ್ತಿಕೊಂಡ.

"ಏನಣ್ಣ ಇದು?"

"ನೋಡು ಪುಟ್ಟಿ, ನಾನು ರಿಟೈರ್ ಆಗೋಕೆ ಎರಡು ವರ್ಷ ಇದೆ. ಮೊಮ್ಮಕ್ಕಳು ಅದೇ ಕಾಲೇಜಿಗೆ ಬರೋರು. ನಿಂಗೇನು, ನಾಳೆ ಇದನ್ನ ಯಾರು ನೆನಪಿಟ್ಕೋತಾರೆ? ಹೆಸರು ಹೆಸರು ಅಂತ ಇಷ್ಟು ವರ್ಷ ತಲೆ ತಿಂತಿದ್ದೆ. ಹಾಕಿಸ್ತೀನಿ ಅಂದಿದ್ದೆ, ಹಾಕ್ಸಿದೀನಿ."

ಫೋನಿಟ್ಟು ಬಂದು ಮೇಜಿನ ಮುಂದೆ ಕೂತಳು. ಅಳು ಬರಲಿಲ್ಲ. ಹಾಳೆಯನ್ನು ಮತ್ತೆ ಎತ್ತಿ, ಹೆಸರನ್ನು ಬೆರಳಿನಿಂದ ಮುಚ್ಚಿ, ಚಿತ್ರಗಳನ್ನಾದರೂ ನೋಡೋಣವೆಂದು ನೋಡಿದಳು. ಹದಿನೇಳನೆಯದರ ಬಾಲ ಎಡಕ್ಕಿರಬೇಕಿತ್ತು, ಬಲಕ್ಕಿತ್ತು. ಬೆಣೆ ಬೆಣೆಯಾಗೇ ಇತ್ತು.

"ಇದನ್ನ ಯಾರು ಮಗುಚಿದ್ದು?"

ಪುಟ ಕಟ್ಟುವವನು ನೆಲ ನೋಡಿದ. "ಪ್ರೊಫೆಸರ್ ಸಾರ್ ಕೊನೇ ಗಳಿಗೇಲಿ ಬಂದಿದ್ರು. ಅಂಚಿಗೆ ತಾಗ್ತಿದೆ, ತಿರುಗಿಸು ಅಂದ್ರು. ಒಂದು ಗುಂಡಿ ಒತ್ತಿದ್ರೆ ತಿರುಗುತ್ತೆ ಅಲ್ವಾ, ಒತ್ತಿಬಿಟ್ಟೆ. ತಪ್ಪಾ ಅಮ್ಮ?"

ಮೂರು ಸಾವಿರ ಪ್ರತಿ ಆಗಲೇ ಅಂಚೆಗೆ ಹೋಗಿತ್ತು.

ಹತ್ತು ದಿನ ಕಳೆದ ಮೇಲೆ, ಮಧ್ಯಾಹ್ನದ ಹೊತ್ತು, ಪ್ರೆಸ್ಸಿನ ಮುಂಬಾಗಿಲಲ್ಲಿ ಯಾರೋ ಅವಳ ಹೆಸರು ಹೇಳಿ ಕೇಳುತ್ತಿರುವುದು ಕಿವಿಗೆ ಬಿತ್ತು. ಗೆರೆಯಮ್ಮ ಅಂತಲ್ಲ, ಪೂರ್ತಿ ಹೆಸರು. ಇಪ್ಪತ್ತಾರು ವರ್ಷದಲ್ಲಿ ಅವಳನ್ನು ಹೆಸರು ಹಿಡಿದು ಹುಡುಕಿಕೊಂಡು ಬಂದ ಮೊದಲ ಮನುಷ್ಯಪ್ರಾಣಿ. ಗುಮಾಸ್ತನಿಗೇ ಒಂದು ಗಳಿಗೆ ಯಾರೆಂದು ಹೊಳೆಯಲಿಲ್ಲ.

ಬಂದವಳು ಪತ್ರ ಬರೆದ ಮೇಡಂ. ಮೂವತ್ತೂ ಆಗಿರಲಿಕ್ಕಿಲ್ಲ. ಎರಡು ಬಸ್ಸು ಬದಲಿಸಿ ಬಂದು ಬೆವರಿದ್ದಳು. ಕೈಯಲ್ಲಿ ತಿದ್ದುಪಡಿ ಹಾಳೆ.

"ನೀವೇನಾ ಇದನ್ನ ಬರೆದಿದ್ದು?"

"ಹೌದು."

"ತಿದ್ದಿ ಕಳ್ಸಿದ ಮೇಲೂ ಹದಿನೇಳನೇದು ತಪ್ಪಾಗಿದೆ. ಪ್ರೊಫೆಸರು ಅಷ್ಟು ಕಷ್ಟಪಟ್ಟು ತಿದ್ದಿ ಕೊಟ್ರೂ ನಿಮಗೆ ಒಂದು ಚಿತ್ರ ನೋಡಿ ಎಳೆಯೋಕಾಗಲ್ವಾ? ನನ್ನ ಮಕ್ಕಳು ಇದನ್ನೇ ಬಾಯಿಪಾಠ ಮಾಡ್ತಾರೆ. ಇದು ಬರೀ ಗೆರೆ ಅಲ್ಲಮ್ಮ. ಇದಕ್ಕೆ ಉದ್ದ, ಅಗಲ, ಆಳ ಎಲ್ಲ ಇದೆ. ನಿಮಗೆ ಅದು ಕಾಣಲ್ಲ ಅಂದ್ರೆ ಈ ಕೆಲಸ ಯಾಕೆ ಮಾಡ್ತೀರಾ?"

ಪುಟ ಕಟ್ಟುವವನು ಏನೋ ಹೇಳಲು ಬಾಯಿ ತೆರೆದ. ಗೆರೆಯಮ್ಮ ಅವನ ಕಡೆ ನೋಡಿದಳು, ಬಾಯಿ ಮುಚ್ಚಿದ. ಬಾಯಿ ಬಿಟ್ಟು ಏನೆಂದು ಹೇಳುವುದು? ಸಹಿ ಇದ್ದ ಹಾಳೆಗಳು ಅಣ್ಣನ ಮನೆಯಲ್ಲಿದ್ದವು, ಇದ್ದವೋ ಒಲೆಗೆ ಹೋಗಿದ್ದವೋ. ಮತ್ತೆ ಈ ಹುಡುಗಿ ಬಯ್ಯುತ್ತಿರುವುದು ಮಕ್ಕಳಿಗಾಗಿ. ಅವಳ ಮೇಲೆ ಸಿಟ್ಟು ಮಾಡಲು ಮನಸ್ಸು ಬರಲಿಲ್ಲ.

ಡ್ರಾಯರ್ ಎಳೆದಳು. ಒಂದು ಆಲೂಗಡ್ಡೆ ತೆಗೆದು ನಾಲ್ಕು ಬೆಂಕಿಕಡ್ಡಿ ಚುಚ್ಚಿದಳು. ಒಂದರ ತುದಿಗೆ ಗುಂಡಿ, ಒಂದಕ್ಕೆ ರಬ್ಬರಿನ ಚೂರು, ಒಂದಕ್ಕೆ ದಾರದ ಉಂಡೆ, ಒಂದು ಬೋಳು. ಹಾಳೆಯ ಪಕ್ಕಕ್ಕೆ ಹಿಡಿದಳು. "ಇದು ಹದಿನೇಳನೇದು. ನಿಮ್ಮ ಹಾಳೇಲಿ ಬಾಲ ಬಲಕ್ಕಿದೆ. ಬಾಲ ಬಲಕ್ಕೆ ಬರ್ಬೇಕು ಅಂದ್ರೆ ಇದನ್ನ ಹೀಗೆ ತಿರುಗಿಸ್ಬೇಕು. ನೋಡಿ, ಗುಂಡಿ ಹಿಂದಕ್ಕೆ ಹೋಯ್ತು. ಅದಕ್ಕೆ ಅಲ್ಲಿ ತುಂಡುಗೆರೆ ಬರ್ಬೇಕು. ಪುಸ್ತಕ ಬಿಡಿ, ಮಕ್ಕಳಿಗೆ ಇದನ್ನ ತೋರ್ಸಿ."

ಮೇಡಂ ಆಲೂಗಡ್ಡೆಯನ್ನು ಕೈಗೆ ತೆಗೆದುಕೊಂಡಳು. ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಸಿಟ್ಟೆಲ್ಲ ಇಳಿದು ಮುಖ ಅರಳಿತು. "ಅಯ್ಯೋ, ಎಷ್ಟು ಸುಲಭ!" ಎಂದಳು. "ಇಷ್ಟು ವರ್ಷದಲ್ಲಿ ನನಗೆ ಯಾರೂ ಹೀಗೆ ತೋರಿಸಿಕೊಟ್ಟಿಲ್ಲ. ಇದನ್ನ ಪ್ರೊಫೆಸರು ಮಾಡಿಕೊಟ್ಟಿದ್ದಾ?"

ಗೆರೆಯಮ್ಮ ಬೆಂಕಿಪೊಟ್ಟಣವನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು.

"ಇಲ್ಲ ಮೇಡಂ," ಎಂದಳು. "ಆಲೂಗಡ್ಡೆ ನಮ್ಮನೇದು."